ಎರಡು ಕಪ್ಪೆ, ಒಂದು ಹೆಸರು

ಒಂದೆಡೆ ನಿಲ್ಲದ ಜನರನ್ನು ಒಂದೆಡೆ ಕೂಡಿಸುವ ಕಷ್ಟವನ್ನು ಹೇಳುವಾಗ ನಮ್ಮ ಹಿರಿಯರು ‘ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ’ ಎನ್ನುತ್ತಿದ್ದರು. ಒಂದನ್ನು ಹಾಕುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ. ಸಂಘದ ವಾರ್ಷಿಕೋತ್ಸವಕ್ಕೆ ಜನ ಸೇರಿಸಿ ಅನುಭವವಿದ್ದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಪ್ಪೆಗಳನ್ನೇ ನಿಜವಾಗಿ ಹಿಡಿದು, ನೋಡಿ, ‘ಇದು ಇಂಥ ಜಾತಿಯದು, ಇದರ ನೆಲೆ ಇಲ್ಲಿಂದ ಇಲ್ಲಿಯವರೆಗೆ’ ಎಂದು ಬರೆದಿಡುವ ವಿದ್ವಾಂಸರೂ ಇದ್ದಾರೆ. ಅವರ ಕೆಲಸ ಹೊರಗಿನವರಿಗೆ ಹೊತ್ತು ಕಳೆಯುವ ಹವ್ಯಾಸದಂತೆ ಕಂಡೀತು. ಹಾಗಲ್ಲವೆಂಬುದನ್ನು ದಕ್ಷಿಣ ಅಮೆರಿಕದ ಒಂದು ಪುಟ್ಟ ಕಪ್ಪೆಯ ಚರಿತ್ರೆ ತೋರಿಸಿಕೊಡುತ್ತದೆ. ಒಂದೆಂದುಕೊಂಡಿದ್ದ ಆ ಕಪ್ಪೆ ಎರಡೆಂದು ತೀರ್ಮಾನವಾಗುವುದಕ್ಕೆ ಎಪ್ಪತ್ತು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು. ತೀರ್ಮಾನವಾದ ಆರೇಳು ವರ್ಷಗಳಲ್ಲಿಯೇ ಎರಡರಲ್ಲೊಂದು ಕಣ್ಮರೆಯಾಯಿತು.

ಈ ಕಥೆ ನಡೆದದ್ದು ಚಿಲಿ ದೇಶದಲ್ಲಿ. ಭೂಪಟದಲ್ಲಿ ಚಿಲಿಯನ್ನು ನೋಡಿದವರು ಅದನ್ನು ಮರೆಯಲಾರರು. ಪೂರ್ವಕ್ಕೆ ಆಂಡೀಸ್ ಪರ್ವತ, ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಇವೆರಡರ ನಡುವೆ ರಿಬ್ಬನ್ನು ಬಿಚ್ಚಿಟ್ಟಂತೆ ಉದ್ದುದ್ದನೆಯ ದೇಶ. ಉದ್ದ ಸುಮಾರು 4,300 ಕಿಲೋಮೀಟರ್. ಅಗಲ ಸರಾಸರಿ 180 ಕಿಲೋಮೀಟರ್ ಮಾತ್ರ. ಉತ್ತರದಲ್ಲಿ ಮಳೆಯನ್ನೇ ಕಾಣದ ಮರುಭೂಮಿ. ಮಧ್ಯದಲ್ಲಿ ದ್ರಾಕ್ಷಿ ತೋಟಗಳು. ದಕ್ಷಿಣಕ್ಕೆ ಸರಿದಂತೆ ಸದಾ ತೊಯ್ದ, ಪಾಚಿ ಕಟ್ಟಿದ, ದಟ್ಟ ಕಾಡು. ಈ ದಕ್ಷಿಣದ ಕಾಡಿನ ನಡುವೆ ವಾಲ್ಡಿವಿಯಾ ಎಂಬ ಊರು. ಅದಕ್ಕೂ ಕೆಳಗೆ ಚಿಲೋಯೆ ಎಂಬ ದೊಡ್ಡ ದ್ವೀಪ, ಅದರ ಸುತ್ತ ಚಿಕ್ಕಪುಟ್ಟ ದ್ವೀಪಗಳು.

1831ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಬಿಟ್ಟ ‘ಬೀಗಲ್’ ಹಡಗು ಕರಾವಳಿಯ ನಕ್ಷೆ ತಯಾರಿಸುತ್ತ 1834ರ ಹೊತ್ತಿಗೆ ಚಿಲಿಯ ತೀರಕ್ಕೆ ಬಂದಿತ್ತು. ಹಡಗಿನಲ್ಲಿದ್ದ ನಿಸರ್ಗ ಪ್ರೇಮಿ ಯುವಕ ಚಾರ್ಲ್ಸ್ ಡಾರ್ವಿನ್. ಅವನ ಹೆಸರನ್ನು ಲೋಕಪ್ರಸಿದ್ಧಗೊಳಿಸಿದ ‘ಜೀವಜಾತಿಗಳ ಉಗಮ’ ಗ್ರಂಥ ಹೊರಬಂದದ್ದು 1859ರಲ್ಲಿ. ಅದಕ್ಕೆ ಇನ್ನೂ ಕಾಲು ಶತಮಾನವಿತ್ತು. ಆಗ ಅವನು ಕಂಡದ್ದನ್ನೆಲ್ಲ ಸೀಸೆಗೆ ತುಂಬಿಸುವ ಉತ್ಸಾಹಿ ಅಷ್ಟೆ. 1834ರ ಕೊನೆಯಲ್ಲಿ ಚಿಲೋಯೆ ದ್ವೀಪಸಮೂಹದಲ್ಲಿ ಅಲೆದಾಡಿ, 1835ರ ಫೆಬ್ರವರಿಯಲ್ಲಿ ಅವನು ವಾಲ್ಡಿವಿಯಾ ತಲುಪಿದ. ಅಲ್ಲಿರುವಾಗಲೇ ಇಪ್ಪತ್ತಾರು ವರ್ಷ ತುಂಬಿತು. ಅದೇ ತಿಂಗಳ 20ರಂದು ಊರ ಹೊರಗಿನ ಕಾಡಿನಲ್ಲಿ ಅವನು ಮೈಚಾಚಿ ವಿಶ್ರಮಿಸುತ್ತಿದ್ದಾಗ ದೊಡ್ಡ ಭೂಕಂಪವಾಯಿತು. ಕಾನ್ಸೆಪ್ಸಿಯೋನ್ ನಗರ ಆ ದಿನ ನೆಲಸಮವಾಯಿತು. ಚರಿತ್ರೆಯ ಪುಸ್ತಕಗಳು ಆ ಭೂಕಂಪವನ್ನು ನೆನೆಯುತ್ತವೆ. ಅದೇ ಕಾಡುಗಳಲ್ಲಿ ಅವನ ಕೈಗೆ ಸಿಕ್ಕ ಅಂಗುಲದಷ್ಟು ದೊಡ್ಡ ಕಪ್ಪೆಯನ್ನು ನೆನೆಯುವವರು ಕಡಿಮೆ.

ಕಪ್ಪೆ ನೋಡಲು ಸೋಜಿಗದ್ದು. ಉದ್ದ ಎರಡೂವರೆ ಮೂರು ಸೆಂಟಿಮೀಟರ್, ಅಂದರೆ ನಮ್ಮ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ಮೂಗಿನ ತುದಿಯಲ್ಲಿ ಚೂಪಾದ ಚರ್ಮದ ಕೊಂಡಿ. ಬೆನ್ನು ಕೆಲವಕ್ಕೆ ಎಳೆ ಹಸಿರು, ಕೆಲವಕ್ಕೆ ತರಗೆಲೆಯ ಕಂದು. ಕಾಡಿನ ನೆಲದ ಮೇಲೆ ಕೂತರೆ ಎಲೆಯೋ ಕಪ್ಪೆಯೋ ತಿಳಿಯದು. ಹೊಟ್ಟೆಯ ಕಡೆ ಮಾತ್ರ ಕಪ್ಪು ಬಿಳುಪಿನ ಪಟ್ಟೆ. ಅಪಾಯ ಕಂಡರೆ ಮಗುಚಿ ಬಿದ್ದು, ಹೊಟ್ಟೆ ಮೇಲೆ ಮಾಡಿ, ಸತ್ತಂತೆ ನಟಿಸುತ್ತದೆ. ಚಿಲಿಯ ಜನ ಇದನ್ನು ‘ಸಪೀತೊ ವಕೇರೊ’, ಅಂದರೆ ದನಗಾಹಿ ಕಪ್ಪೆ, ಎಂದು ಕರೆಯುತ್ತಾರೆ.

ಬೀಗಲ್ ಯಾತ್ರೆಯ ಸರೀಸೃಪಗಳನ್ನೂ ಕಪ್ಪೆಗಳನ್ನೂ ವರ್ಣಿಸುವ ಭಾಗವನ್ನು ಲಂಡನ್ನಿನ ಥಾಮಸ್ ಬೆಲ್ ಬರೆದು ಹೊರತಂದದ್ದು 1842–43ರಲ್ಲಿ. ಅಷ್ಟರಲ್ಲಾಗಲೇ, 1841ರಲ್ಲಿ, ಪ್ಯಾರಿಸ್ಸಿನ ದ್ಯುಮೆರಿಲ್ ಮತ್ತು ಬಿಬ್ರೋನ್ ಎಂಬ ಇಬ್ಬರು ಪಂಡಿತರು ತಮ್ಮ ಬೃಹದ್ಗ್ರಂಥದಲ್ಲಿ ಇದಕ್ಕೆ ನಾಮಕರಣ ಮಾಡಿಬಿಟ್ಟಿದ್ದರು: ‘ರೈನೋಡರ್ಮ ಡಾರ್ವಿನೀ’. ಗ್ರೀಕಿನಲ್ಲಿ ‘ರೈನೋ’ ಎಂದರೆ ಮೂಗು, ‘ಡರ್ಮ’ ಎಂದರೆ ಚರ್ಮ. ಮೂಗಿನ ಕೊಂಡಿಯಿಂದ ಕುಲದ ಹೆಸರು, ಡಾರ್ವಿನ್ನನ ಗೌರವಾರ್ಥ ಜಾತಿಯ ಹೆಸರು. ಹೀಗೆ ಒಂದು ಕಪ್ಪೆಗೆ ಒಂದು ಹೆಸರಾಯಿತು.

ಹೆಸರು ಸಿಕ್ಕಿದ ಮಾತ್ರಕ್ಕೆ ಬಾಳು ತಿಳಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಕಪ್ಪೆಯ ಹೊಟ್ಟೆ ಕೊಯ್ದು ನೋಡಿದವರಿಗೆ ಒಳಗೆ ಜೀವಂತ ಮರಿಗಳು ಕಂಡವು. ಒಳಗೆ ಮರಿಯಿದೆಯೆಂದ ಮೇಲೆ ಅದು ತಾಯಿಯೇ ಇರಬೇಕಲ್ಲ! ಮೊಟ್ಟೆಯಿಡದೆ ಮರಿ ಹಾಕುವ ಕಪ್ಪೆ ಇದೆಂದು ಬರೆದರು. ಯಾರಿಗೂ ಸಂಶಯ ಬರಲಿಲ್ಲ. 1872ರಲ್ಲಿ ಸ್ಪೇನಿನ ಹಿಮೆನೆಸ್ ದೆ ಲಾ ಎಸ್ಪಾದ ಎಂಬ ವಿದ್ವಾಂಸ ಮಾದರಿಗಳನ್ನು ಮತ್ತೆ ಪರೀಕ್ಷಿಸಿ, ಮರಿಗಳಿದ್ದ ಕಪ್ಪೆಗಳೆಲ್ಲ ಗಂಡು ಎಂದು ತೋರಿಸಿಕೊಟ್ಟ. ಮರಿಗಳಿದ್ದ ಜಾಗ ಗರ್ಭವಲ್ಲ, ಗಂಡು ಕಪ್ಪೆ ಕೂಗುವಾಗ ಉಬ್ಬಿಸುವ ಧ್ವನಿಚೀಲ.

ನಡೆಯುವುದು ಹೀಗೆ. ಹೆಣ್ಣು ಒದ್ದೆ ನೆಲದಲ್ಲಿ ಎಲೆಗಳ ನಡುವೆ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗಂಡು ಸುಮಾರು ಮೂರು ವಾರ ಕಾವಲು ಕೂರುತ್ತದೆ. ಮೊಟ್ಟೆಯೊಳಗೆ ಮರಿ ಅಲುಗಾಡತೊಡಗಿದಾಗ ಅವನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ನುಂಗುವುದಿಲ್ಲ, ಮರಿಗಳು ಧ್ವನಿಚೀಲಕ್ಕೆ ಇಳಿಯುತ್ತವೆ. ಚೀಲ ಗಂಟಲಿನಿಂದ ಹೊಟ್ಟೆಯ ಬದಿಯವರೆಗೂ ಹಿಗ್ಗುತ್ತದೆ. ಅದರ ಒಳಪೊರೆಯಿಂದ ಗೊದಮೊಟ್ಟೆಗಳಿಗೆ ಪೋಷಣೆಯೂ ದೊರೆಯುತ್ತದೆ. ಆರರಿಂದ ಎಂಟು ವಾರಗಳ ತರುವಾಯ ಬಾಲ ಕರಗಿ, ಕಾಲು ಮೂಡಿ, ಪೂರ್ಣರೂಪದ ಪುಟಾಣಿ ಕಪ್ಪೆಗಳು ಒಂದೊಂದಾಗಿ ಅಪ್ಪನ ಬಾಯಿಂದ ಹೊರಗೆ ನೆಗೆಯುತ್ತವೆ. ಬೇರೆ ಬೇರೆ ದೇಶಗಳಲ್ಲಿ ಬೆನ್ನ ಮೇಲೆ ಮರಿ ಹೊರುವ ಕಪ್ಪೆಗಳಿವೆ, ಕಾಲಿಗೆ ಮೊಟ್ಟೆ ಸುತ್ತಿಕೊಳ್ಳುವ ಕಪ್ಪೆಗಳಿವೆ. ಆದರೆ ಧ್ವನಿಚೀಲವನ್ನೇ ತೊಟ್ಟಿಲು ಮಾಡಿಕೊಂಡ ಕಪ್ಪೆಗಳು ಈ ಚಿಲಿಯ ಕುಲದವು ಮಾತ್ರ.

ಮೊದಲನೆಯ ತಪ್ಪು ಹೀಗೆ ಮೂವತ್ತು ಮೂವತ್ತೈದು ವರ್ಷಗಳೊಳಗೆ ತಿದ್ದಲ್ಪಟ್ಟಿತು. ಎರಡನೆಯ ತಪ್ಪು ಅಷ್ಟು ಬೇಗ ತಿದ್ದಿಕೊಳ್ಳಲಿಲ್ಲ.

ಸಾಂತಿಯಾಗೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು 1853ರಿಂದ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಡೆಸಿದವನು ರೊಡುಲ್ಫೊ ಫಿಲಿಪ್ಪಿ. ಹುಟ್ಟಿದ್ದು 1808ರಲ್ಲಿ ಜರ್ಮನಿಯಲ್ಲಿ, ನೆಲೆಸಿದ್ದು ಚಿಲಿಯಲ್ಲಿ. ಪರದೇಶದಿಂದ ಬಂದು, ಬಂದ ನೆಲದ ಗಿಡ ಮರ ಪ್ರಾಣಿ ಪಕ್ಷಿಗಳನ್ನು ಆ ನೆಲದವರಿಗೇ ಪರಿಚಯ ಮಾಡಿಕೊಟ್ಟ ಹಿರಿಯ. 1902ರಲ್ಲಿ, ತೊಂಬತ್ತು ದಾಟಿದ ಮೇಲೆ, ಚಿಲಿಯ ಕಪ್ಪೆಗಳ ಕುರಿತು ಅವನೊಂದು ಪುರವಣಿ ಪ್ರಕಟಿಸಿದ. ಅದರಲ್ಲಿ ಮಧ್ಯ ಚಿಲಿಯ ಕರಾವಳಿಯ ವಿಚುಕೇನ್ ಎಂಬಲ್ಲಿಂದ ಬಂದ ಕೆಂಪು ಛಾಯೆಯ ಕಪ್ಪೆಯೊಂದಕ್ಕೆ ‘ಹೆಮಿನೆಕ್ಟೀಸ್ ರೂಫಸ್’ ಎಂದು ಹೆಸರಿಟ್ಟ. ‘ಹೆಮಿ’ ಅಂದರೆ ಅರೆ. ‘ನೆಕ್ಟೀಸ್’ ಅಂದರೆ ಈಜುಗಾರ. ‘ರೂಫಸ್’ ಅಂದರೆ ಕೆಂಪಗಿನದು. ಕೆಂಪನೆಯ ಅರೆ ಈಜುಗಾರ. ಈ ಕಪ್ಪೆಯ ಹಿಂಗಾಲಿನ ಬೆರಳುಗಳ ನಡುವಣ ಜಾಲಪೊರೆ ಡಾರ್ವಿನ್ ಕಪ್ಪೆಯದಕ್ಕಿಂತ ಹೆಚ್ಚು.

ಎರಡು ವರ್ಷ ಕಳೆದು, 1904ರಲ್ಲಿ, ಫಿಲಿಪ್ಪಿ ತೀರಿಕೊಂಡ. ಅವನು ಕೊಟ್ಟ ಹೆಸರನ್ನು ಮುಂದಿನವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ಮೂಗಿನ ಕೊಂಡಿ, ಅದೇ ಗಾತ್ರ, ಅದೇ ಹೊಟ್ಟೆಯ ಪಟ್ಟೆ. ಬಣ್ಣವಂತೂ ಡಾರ್ವಿನ್ ಕಪ್ಪೆಯಲ್ಲಿಯೂ ನಾನಾ ಬಗೆ. ಮದ್ಯಸಾರದ ಜಾಡಿಯಲ್ಲಿ ಕೆಲವು ವರ್ಷ ಮುಳುಗಿದ್ದರೆ ಎಲ್ಲವೂ ಒಂದೇ ಬಣ್ಣ. ‘ಇದೂ ಡಾರ್ವಿನ್ ಕಪ್ಪೆಯೇ’ ಎಂದು ಹೊಸ ಹೆಸರನ್ನು ಹಳೆಯ ಹೆಸರಿನೊಳಗೆ ಸೇರಿಸಿಬಿಟ್ಟರು. ಶಾಸ್ತ್ರದ ಭಾಷೆಯಲ್ಲಿ ಅದು ಪರ್ಯಾಯನಾಮವಾಯಿತು, ಅಂದರೆ ಬೇರೆ ಅಸ್ತಿತ್ವವಿಲ್ಲದ ಹೆಸರು.

ಊರು ಬಿಟ್ಟು ಬಂದ ನಮಗೆ ಇದು ತೀರ ಅಪರಿಚಿತ ಸಂಗತಿಯಲ್ಲ. ವಿಂಧ್ಯದ ಆಚೆ ಕಡೆ ಒಂದು ಕಾಲದಲ್ಲಿ ಕನ್ನಡಿಗ, ತಮಿಳ, ತೆಲುಗ, ಮಲೆಯಾಳಿ ಎಲ್ಲರಿಗೂ ಸೇರಿ ‘ಮದ್ರಾಸಿ’ ಎಂಬ ಒಂದೇ ಹೆಸರಿತ್ತು. ಕರೆಯುವವರಲ್ಲಿ ಕೆಡುಕು ಇರಲಿಲ್ಲ. ದೂರದಿಂದ ನೋಡಿದವರಿಗೆ ಎಲ್ಲರೂ ಒಂದೇ ಥರ ಕಂಡೆವು. ಹತ್ತಿರ ಬಂದು ಮನೆಯೊಳಗೆ ಇಣುಕಿದವರಿಗಷ್ಟೇ ವ್ಯತ್ಯಾಸ ತಿಳಿಯಿತು. ಚಿಲಿಯ ಕಪ್ಪೆಗಳ ವಿಷಯದಲ್ಲಿಯೂ ವ್ಯತ್ಯಾಸ ಗೊತ್ತಾದದ್ದು ಹೊರಗಿನ ರೂಪದಿಂದಲ್ಲ, ಅವು ಮಕ್ಕಳನ್ನು ಸಾಕುವ ರೀತಿಯಿಂದ.

1970ರ ದಶಕದ ಮೊದಲ ವರ್ಷಗಳಲ್ಲಿ ಚಿಲಿಯ ಪ್ರಾಣಿಶಾಸ್ತ್ರಜ್ಞರು ಈ ಕಪ್ಪೆಯ ಮೊಟ್ಟೆ ಮರಿಗಳ ಬೆಳವಣಿಗೆಯನ್ನು ಹಂತ ಹಂತವಾಗಿ ಗಮನಿಸುತ್ತಿದ್ದರು. ವಾಲ್ಡಿವಿಯಾ ಕಡೆಯ ಕಪ್ಪೆಗಳಲ್ಲಿ ಮರಿಗಳು ಅಪ್ಪನ ಚೀಲದಲ್ಲಿ ಕೊನೆಯವರೆಗೂ ಉಳಿದು ಕಪ್ಪೆಗಳಾಗಿಯೇ ಹೊರಬರುತ್ತಿದ್ದವು. ಉತ್ತರದ ಕಾನ್ಸೆಪ್ಸಿಯೋನ್ ಕಡೆಯಿಂದ ತಂದವುಗಳ ರೀತಿ ಬೇರೆ. ಅಲ್ಲಿಯೂ ಗಂಡು ಮರಿಗಳನ್ನು ಬಾಯಿಗೆ ತೆಗೆದುಕೊಳ್ಳುತ್ತಿತ್ತು, ನಿಜ. ಆದರೆ ಸುಮಾರು ಎರಡು ವಾರ ಮಾತ್ರ. ಗೊದಮೊಟ್ಟೆಗಳ ಬಾಯಿಯೂ ಕರುಳೂ ಬಲಿಯುತ್ತಲೇ ಅವನ್ನು ನೀರಿಗೆ ಬಿಟ್ಟುಬಿಡುತ್ತಿತ್ತು. ಉಳಿದ ಬೆಳವಣಿಗೆಯೆಲ್ಲ ಇತರ ಕಪ್ಪೆಗಳಂತೆ ನೀರಿನಲ್ಲಿಯೇ. ಒಂದು, ಮಕ್ಕಳನ್ನು ಪೂರ್ತಿ ಬೆಳೆಸಿ ಕಳುಹಿಸುವ ಅಪ್ಪ. ಇನ್ನೊಂದು, ನೀರಿನ ದಡದವರೆಗೆ ಹೊತ್ತುಕೊಂಡು ಹೋಗುವ ಅಪ್ಪ. ಒಂದೇ ಜಾತಿಯಲ್ಲಿ ಇಷ್ಟು ಅಂತರ ಇರಲಾರದು.

1975ರಲ್ಲಿ ಫೋರ್ಮಾಸ್, ಪುಗಿನ್, ಹೋರ್ಕೇರ ಎಂಬ ಮೂವರು ಒಂದು ಪ್ರಬಂಧ ಪ್ರಕಟಿಸಿದರು. ಫಿಲಿಪ್ಪಿಯ ‘ಅರೆ ಈಜುಗಾರ’ ನಿಜಕ್ಕೂ ಬೇರೆಯೇ ಜಾತಿ, ಮುದುಕನ ಮಾತು ಸರಿಯಾಗಿತ್ತು ಎಂಬುದು ಅದರ ಸಾರಾಂಶ. ಕುಲ ಮಾತ್ರ ಡಾರ್ವಿನ್ ಕಪ್ಪೆಯದೇ ಆದ್ದರಿಂದ, ಹೆಸರು ‘ರೈನೋಡರ್ಮ ರೂಫಮ್’ ಎಂದಾಯಿತು. ರೂಫಸ್ ಹೋಗಿ ರೂಫಮ್ ಆದದ್ದು ಲ್ಯಾಟಿನ್ ವ್ಯಾಕರಣದ ಲಿಂಗನಿಯಮದಿಂದ. ಎಪ್ಪತ್ತಮೂರು ವರ್ಷಗಳ ಮೇಲೆ ಒಂದು ಕಪ್ಪೆಗೆ ಅದರದೇ ಹೆಸರು ಮರಳಿ ಬಂತು.

ಹೆಸರು ಎರಡಾದ ಕೂಡಲೇ ನಕ್ಷೆಯೂ ಎರಡಾಯಿತು. ಅಲ್ಲಿಯವರೆಗೆ ‘ಡಾರ್ವಿನ್ ಕಪ್ಪೆ’ಯ ನೆಲೆ ಮಧ್ಯ ಚಿಲಿಯ ಕಡಲ ತೀರದಿಂದ ದಕ್ಷಿಣದ ತುದಿಯ ಕಾಡುಗಳವರೆಗೆ ಹಬ್ಬಿದ ಒಂದು ಉದ್ದನೆಯ ಪಟ್ಟಿಯಾಗಿತ್ತು. ಪಟ್ಟಿ ಅಷ್ಟು ಉದ್ದವಿದ್ದರೆ ಪ್ರಾಣಿ ಕ್ಷೇಮವಾಗಿದೆ ಎನಿಸುವುದು ಸಹಜ. ಈಗ ಅದನ್ನು ಕತ್ತರಿಸಿ ನೋಡಿದಾಗ ಬೇರೆ ಚಿತ್ರ ಕಂಡಿತು. ನಿಜವಾದ ಡಾರ್ವಿನ್ ಕಪ್ಪೆಯ ನೆಲೆ ಕಾನ್ಸೆಪ್ಸಿಯೋನ್ ಸುತ್ತಿನಿಂದ ದಕ್ಷಿಣಕ್ಕೆ ಐಸೇನ್ ಪ್ರಾಂತದವರೆಗೆ. ಚಿಲೋಯೆ ದ್ವೀಪವೂ ಅದಕ್ಕೆ ಸೇರಿತು. ಆಂಡೀಸ್ ದಾಟಿ ಅರ್ಜೆಂಟೀನಾದ ಗಡಿಯ ಕಾಡುಗಳಲ್ಲಿಯೂ ಅಲ್ಲಲ್ಲಿ ಅದರ ವಾಸ. ರೂಫಮ್‌ನ ನೆಲೆಯಾದರೋ ಸಪಾಯಾರ್ ಎಂಬ ಕಡಲೂರಿನಿಂದ ಅರೌಕೊ ಪ್ರಾಂತದವರೆಗಿನ ಕರಾವಳಿಯ ಸೆರಗು ಮಾತ್ರ. ಕಾನ್ಸೆಪ್ಸಿಯೋನ್–ಅರೌಕೊ ಸುತ್ತಿನಲ್ಲಿ ಎರಡೂ ಒಟ್ಟಿಗೆ ಇದ್ದವು. ಅಲ್ಲಿಯ ಹಳೆಯ ದಾಖಲೆಯಲ್ಲಿ ಬರಿದೆ ‘ಡಾರ್ವಿನ್ ಕಪ್ಪೆ’ ಎಂದಿದ್ದರೆ ಅದು ಯಾವುದೆಂದು ಹೇಳಲು ಜಾಡಿಯನ್ನು ತೆರೆದು ಕಾಲ ಬೆರಳುಗಳನ್ನು ನೋಡಬೇಕು.

ರೂಫಮ್ ಪಾಲಿಗೆ ಬಂದ ಕರಾವಳಿ ಚಿಲಿಯಲ್ಲಿ ಜನವಸತಿ ಹೆಚ್ಚಿರುವ, ಕೊಡಲಿ ಹೆಚ್ಚು ಆಡಿದ ಭಾಗ. ಅದರ ಹೆಸರು ಮರಳಿ ಬರುವುದಕ್ಕೆ ಒಂದು ವರ್ಷ ಮುಂಚೆ, 1974ರಲ್ಲಿ, ಅಲ್ಲಿನ ಸರ್ಕಾರ ನೆಡುತೋಪುಗಳಿಗೆ ಸಹಾಯಧನ ಕೊಡುವ ಶಾಸನವನ್ನು ತಂದಿತ್ತು. ಮೊದಲೇ ತೆಳುವಾಗಿದ್ದ ಸ್ವಾಭಾವಿಕ ಕಾಡಿನ ಜಾಗದಲ್ಲಿ ಕ್ಯಾಲಿಫೋರ್ನಿಯ ಮೂಲದ ಪೈನ್ ಮರಗಳೂ ಆಸ್ಟ್ರೇಲಿಯ ಮೂಲದ ನೀಲಗಿರಿ ಮರಗಳೂ ಸಾಲುಗಟ್ಟಿ ಎದ್ದವು. ದೂರದಿಂದ ನೋಡಿದರೆ ಹಸಿರು ಹಸಿರೇ. ಆದರೆ ನೆರಳಿನ ಕೆಳಗಿನ ಒದ್ದೆ ಎಲೆಯ ಹಾಸು, ಸದಾ ಜಿನುಗುವ ತೊರೆ, ಇವು ಅಲ್ಲಿ ಉಳಿಯಲಿಲ್ಲ.

ರೂಫಮ್ ಕಪ್ಪೆಯನ್ನು ಕಾಡಿನಲ್ಲಿ ಖಚಿತವಾಗಿ ಕಂಡ ಕೊನೆಯ ದಾಖಲೆ 1981ರ ಸುಮಾರಿನದು. 2008ರಿಂದ 2012ರವರೆಗೆ ಚಿಲಿಯ ಮತ್ತು ಇಂಗ್ಲೆಂಡಿನ ಸಂಶೋಧಕರು ಅದರ ಹಳೆಯ ನೆಲೆಗಳನ್ನು ಒಂದೊಂದಾಗಿ ಹುಡುಕಿದರು, ಒಂದೂ ಸಿಗಲಿಲ್ಲ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು ‘ತೀವ್ರ ಅಪಾಯದಲ್ಲಿದೆ, ಬಹುಶಃ ಅಳಿದಿದೆ’ ಎಂದು ನಮೂದಿಸಲಾಗಿದೆ. ಡಾರ್ವಿನ್ ಕಪ್ಪೆಯೂ ‘ಅಪಾಯದಲ್ಲಿದೆ’ ಎಂಬ ವರ್ಗಕ್ಕೆ ಸೇರಿದೆ.

ಕಾಡು ಕಡಿದದ್ದೊಂದೇ ಕಾರಣವಲ್ಲ. 1980ರ ದಶಕದಿಂದ ಜಗತ್ತಿನ ಅನೇಕ ಕಡೆ, ಕಾಡು ಚೆನ್ನಾಗಿಯೇ ಉಳಿದ ತಾಣಗಳಲ್ಲಿಯೂ, ಕಪ್ಪೆಗಳು ಸದ್ದಿಲ್ಲದೆ ಮಾಯವಾಗತೊಡಗಿದ್ದವು. 1990ರ ದಶಕದ ಕೊನೆಯಲ್ಲಿ ಕಾರಣ ತಿಳಿಯಿತು: ಕಪ್ಪೆಯ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರ. 1999ರಲ್ಲಿ ಅದಕ್ಕೂ ಶಾಸ್ತ್ರೀಯ ನಾಮಕರಣವಾಯಿತು. ಕಪ್ಪೆ ನೀರನ್ನೂ ಲವಣವನ್ನೂ ಚರ್ಮದ ಮೂಲಕವೇ ಹೀರುವ ಪ್ರಾಣಿ. ಚರ್ಮ ಕೆಟ್ಟರೆ ರಕ್ತದ ಲವಣಗಳ ಸಮತೋಲ ತಪ್ಪಿ ಹೃದಯ ನಿಲ್ಲುತ್ತದೆ. ಈ ಬೂಷ್ಟಿನ ಮೂಲ ಪೂರ್ವ ಏಷ್ಯ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಖಂಡದಿಂದ ಖಂಡಕ್ಕೆ ಅದನ್ನು ದಾಟಿಸಿದ್ದು ಮನುಷ್ಯರ ಪ್ರಾಣಿ ವ್ಯಾಪಾರ. 2019ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕದಂತೆ 501 ಜಾತಿಯ ಉಭಯಚರಗಳು ಇದರಿಂದ ಕುಗ್ಗಿವೆ, 90 ಜಾತಿಗಳು ಅಳಿದಿವೆ. ವಸ್ತುಸಂಗ್ರಹಾಲಯದ ಹಳೆಯ ಜಾಡಿಗಳಲ್ಲಿದ್ದ ಚಿಲಿಯ ಕಪ್ಪೆಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿಯೂ ಅಲ್ಲೊಂದು ಇಲ್ಲೊಂದರಲ್ಲಿ ಈ ಬೂಷ್ಟು ಸಿಕ್ಕಿದೆ. ದಶಕಗಳ ಹಿಂದೆ ಯಾರೋ ‘ಇರಲಿ’ ಎಂದು ತುಂಬಿಸಿಟ್ಟ ಜಾಡಿ ಸಾಕ್ಷಿ ಹೇಳಿತು.

ಹೆಸರು ಮೊದಲೇ ಬೇರೆಯಾಗಿದ್ದರೆ ರೂಫಮ್ ಉಳಿಯುತ್ತಿತ್ತೇ? ಹಾಗೆಂದು ನಾವು ಹೇಳಲಾರೆವು. ನೆಡುತೋಪು ನೆಟ್ಟವರು ಕಪ್ಪೆಯ ಹೆಸರು ಕೇಳಿ ನಿಲ್ಲುತ್ತಿದ್ದರೆಂದು ನಂಬುವುದು ಕಷ್ಟ. ಬೂಷ್ಟಿಗಂತೂ ಹೆಸರಿನ ಹಂಗಿಲ್ಲ. ಆದರೆ ಒಂದು ಮಾತು ನಿಜ. ‘ಡಾರ್ವಿನ್ ಕಪ್ಪೆ ದಕ್ಷಿಣದಲ್ಲಿ ಬೇಕಾದಷ್ಟಿದೆ’ ಎಂದು ಬರೆದುಕೊಂಡಿದ್ದ ಕಾಲದಲ್ಲಿ ಉತ್ತರದ ಕಪ್ಪೆ ಎಷ್ಟಿದೆ ಎಂದು ಎಣಿಸಲು ಯಾರಿಗೂ ಕಾರಣವಿರಲಿಲ್ಲ. ಅದರ ಆಯುಸ್ಸೆಷ್ಟು, ಎಷ್ಟು ಬಗೆಯ ತೊರೆಗಳಲ್ಲಿ ಮರಿ ಬಿಡುತ್ತಿತ್ತು ಎಂಬಂಥ ಪ್ರಶ್ನೆಗಳನ್ನು ಕೇಳಲು ಸಿಕ್ಕಿದ ಅವಕಾಶ ಬೆರಳೆಣಿಕೆಯ ವರ್ಷಗಳದು. ಬೇರೆ ಎಂದು ಗೊತ್ತಿಲ್ಲದ್ದನ್ನು ಕಳೆದುಕೊಂಡರೆ, ಕಳೆದುಕೊಂಡದ್ದೂ ಗೊತ್ತಾಗುವುದಿಲ್ಲ. ಆ ಮೂವರು 1975ರಲ್ಲಿ ಬರೆಯದೆ ಇದ್ದಿದ್ದರೆ, ರೂಫಮ್ ಅಳಿದದ್ದು ಇಂದಿಗೂ ನಮಗೆ ತಿಳಿಯುತ್ತಿರಲಿಲ್ಲ.

ಉಳಿದ ಕಪ್ಪೆಯ ವಿಷಯದಲ್ಲಿ ಜನ ಎಚ್ಚರವಾಗಿದ್ದಾರೆ. ಚಿಲೋಯೆ ದ್ವೀಪದ ದಕ್ಷಿಣದಲ್ಲಿ ತಾಂತೌಕೊ ಎಂಬ ರಕ್ಷಿತ ಕಾಡಿದೆ. ಬೂಷ್ಟು ಅಲ್ಲಿಗೆ ತಲುಪಿಲ್ಲವೆಂದು ಎಲ್ಲರೂ ನೆಮ್ಮದಿಯಲ್ಲಿದ್ದರು. 2023ರಲ್ಲಿ ಅಲ್ಲಿಯೂ ಅದು ಕಾಣಿಸಿತು. ಒಂದು ವರ್ಷದೊಳಗೆ, ಗಮನದಲ್ಲಿಟ್ಟಿದ್ದ ಕಪ್ಪೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಲ್ಲವಾದವು. 2024ರ ಅಕ್ಟೋಬರಿನಲ್ಲಿ ಸೋಂಕಿಲ್ಲದ ಐವತ್ತಕ್ಕೂ ಹೆಚ್ಚು ಕಪ್ಪೆಗಳನ್ನು ಹುಡುಕಿ, ದೋಣಿ, ಕಾರು, ವಿಮಾನಗಳಲ್ಲಿ ಲಂಡನ್ನಿನ ಮೃಗಾಲಯಕ್ಕೆ ಸಾಗಿಸಿದರು. ಅವುಗಳಲ್ಲಿ ಹನ್ನೊಂದು ಗಂಡುಗಳ ಚೀಲದಲ್ಲಿ ಮರಿಗಳಿದ್ದವು. ಸಾವಿರಾರು ಮೈಲಿ ದಾಟಿ ಬಂದ ಆ ಅಪ್ಪಂದಿರ ಬಾಯಿಂದ 33 ಮರಿಗಪ್ಪೆಗಳು ಲಂಡನ್ನಿನಲ್ಲಿ ಹೊರಬಂದವೆಂದು 2025ರ ಫೆಬ್ರವರಿಯಲ್ಲಿ ಸುದ್ದಿಯಾಯಿತು. ಡಾರ್ವಿನ್ ತನ್ನ ಸೀಸೆಗಳೊಂದಿಗೆ ಮರಳಿದ ದೇಶಕ್ಕೇ ಅವನ ಕಪ್ಪೆ ಈ ಸಲ ಜೀವಂತವಾಗಿ ಬಂತು. ಊರಿನ ಕಾಡು ಮತ್ತೆ ಕ್ಷೇಮವಾದ ದಿನ ಇವುಗಳ ಸಂತತಿಯನ್ನು ಮರಳಿಸಬೇಕೆಂಬುದು ಸಾಕುತ್ತಿರುವವರ ಆಸೆ.

ಇದನ್ನೆಲ್ಲ ಬರೆಯುವಾಗ ನಮ್ಮ ಮಲೆನಾಡಿನ ನೆನಪು ಬಾರದೆ ಇರದು, ಅದಕ್ಕೆ ಕಾರಣವೂ ಇದೆ. ಪಶ್ಚಿಮ ಘಟ್ಟದ ಕಪ್ಪೆಗಳನ್ನು ವಿಂಗಡಿಸುವ ಕೆಲಸ ಈಗಲೂ ನಡೆಯುತ್ತಿದೆ. ಒಂದೇ ಎಂದುಕೊಂಡದ್ದು ಎರಡು ಮೂರಾಗಿ ಬಿಡಿಸಿಕೊಳ್ಳುತ್ತಿವೆ. 2011ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಘಟ್ಟದ ಇರುಳುಗಪ್ಪೆಗಳ ಒಂದು ಕುಲವನ್ನೇ ಮತ್ತೆ ಪರಿಶೀಲಿಸಿ ಹನ್ನೆರಡು ಹೊಸ ಜಾತಿಗಳನ್ನು ಹೆಸರಿಸಿದರು. ಅದರಲ್ಲೊಂದಕ್ಕೆ ಜೋಗದ ಹೆಸರು. 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕತ್ತಲೆಕಾನಿನಿಂದ ಇನ್ನೊಂದನ್ನು ಲೋಕಕ್ಕೆ ಪರಿಚಯಿಸಿದರು. ಆ ಕಪ್ಪೆಯ ಗಂಡು ನೀರಿನಂಚಿನ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಮುಂಗೈಯಿಂದ ಹಸಿ ಮಣ್ಣು ಮೆತ್ತಿ ಕಾಪಾಡುತ್ತದೆ. ಅದಕ್ಕೆ ಅವರು ಕೊಟ್ಟ ಹೆಸರು ‘ನಿಕ್ಟಿಬಟ್ರಾಕಸ್ ಕುಂಬಾರ’. ಪ್ರಪಂಚದ ಯಾವ ಮೂಲೆಯ ವಿದ್ವಾಂಸನಾದರೂ ಆ ಕಪ್ಪೆಯನ್ನು ಕರೆಯುವಾಗ ಒಂದು ಕನ್ನಡ ಪದವನ್ನು ಉಚ್ಚರಿಸಲೇಬೇಕು.

ಮುಂದಿನ ಮಳೆಗಾಲದಲ್ಲಿ ಊರಿಗೆ ಹೋಗುವ ಬಂಧುಗಳಲ್ಲಿ ನಮ್ಮದೊಂದು ಚಿಕ್ಕ ಬಿನ್ನಹ. ಸಂಜೆ ಮಳೆ ನಿಂತ ಮೇಲೆ ಮಕ್ಕಳನ್ನು ಕರೆದುಕೊಂಡು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ನಗರದಲ್ಲಿ ಬೆಳೆದ ಮಕ್ಕಳಿಗೆ ಕಪ್ಪೆಯ ಕೂಗೆಲ್ಲ ಒಂದೇ ಆಗಿ ಕೇಳಿಸುವುದು ಸಹಜ. ಅಜ್ಜ ಅಜ್ಜಿ ಇದ್ದರೆ ಕೇಳಿ: ಈ ಕೂಗು ಯಾವುದರದು, ಆ ಕೂಗು ಯಾವುದರದು, ಮರಗಪ್ಪೆಗೆ ನಿಮ್ಮೂರಿನಲ್ಲಿ ಏನೆನ್ನುತ್ತಾರೆ, ಮೊದಲು ಕೇಳುತ್ತಿದ್ದ ಯಾವ ಕೂಗು ಈಗ ಕೇಳಿಸುವುದಿಲ್ಲ. ಅವರು ಹೇಳಿದ ಹೆಸರುಗಳನ್ನು ಊರಿನ ಹೆಸರಿನೊಂದಿಗೆ ಒಂದು ಕಾಗದದಲ್ಲಿ ಬರೆಸಿ, ಮಕ್ಕಳ ಕೈಯಿಂದಲೇ ನಮಗೆ ಕಳುಹಿಸಿಕೊಡಿ. ಬಂದವುಗಳನ್ನೆಲ್ಲ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ.